ನಂಬಿಕಸ್ಥ ಮ್ಯಾನೇಜರ್ ಎಲ್ಲಿ ಸಿಗ್ತಾನೆ?

ಬೆಂಗಳೂರಲ್ಲಿ ಒಂದು ದರ್ಶಿನಿ ಚೆನ್ನಾಗಿ ನಡೆಸುತ್ತಿರುವವರು ಎರಡನೆಯದು ಹಾಕುವ ಮುಂಚೆ ಕೇಳುವುದು ಇದೊಂದೇ: "ನಂಬಿಕಸ್ಥ ಮ್ಯಾನೇಜರ್ ಯಾರಾದ್ರೂ ಇದ್ರೆ ಹೇಳಿ ಸಾರ್." ಹೇಳಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ. ನನ್ನ ಹತ್ತಿರ ಅಂಥ ಹೆಸರಿಲ್ಲ, ನಿಮಗದು ಬೇಕಾಗಿಯೂ ಇಲ್ಲ. ಬರುವವನು ಕಳ್ಳನಿರಬಹುದು ಅನ್ನುವ ಅನುಮಾನ ಆ ಮಾತಿನೊಳಗೇ ಕೂತಿದೆ. ನನಗೆ ಸಿಟ್ಟು ಬರುವುದು ಅಲ್ಲೇ.

ಸೌಟು ನೋಡಿ. ಇಡ್ಲಿ ತಟ್ಟೆಯ ಒಂದೊಂದು ಗುಳಿಗೂ 50 ಗ್ರಾಂ ಹಿಟ್ಟು ಬಿದ್ದರೆ 10 ಕೆಜಿ ಹಿಟ್ಟಿಗೆ 200 ಇಡ್ಲಿ. ಹೊಸ ಬ್ರಾಂಚಿಗೆ ತಂದ ಸೌಟು ತುಸು ದೊಡ್ಡದಾಗಿ 60 ಗ್ರಾಂ ಬಿದ್ದರೆ 166. ರಾತ್ರಿ ಲೆಕ್ಕಕ್ಕೆ ಕೂತ ಮಾಲೀಕರಿಗೆ 34 ಇಡ್ಲಿ ಕಾಣೆ! ಗಲ್ಲಾದವನಿಗೂ ಬೈಗುಳ, ಭಟ್ಟರಿಗೂ ಬೈಗುಳ. ಒಂದು ಸೌಟು ಹಿಟ್ಟು ತಕ್ಕಡಿಗೆ ಹಾಕಿ ನೋಡುವವರಿಲ್ಲ. ಮರ್ಯಾದಸ್ಥ ಭಟ್ಟರು ತಿಂಗಳೊಳಗೆ ಕೆಲಸ ಬಿಡುತ್ತಾರೆ.

ಹಿಟ್ಟಿನದ್ದೂ ಇದೇ ಕಥೆ. ಹಳೇ ಹೋಟೆಲಿನ ಭಟ್ಟರು ಡಿಸೆಂಬರ್ ಚಳಿಗೆ ಎರಡು ಮೂರು ಗಂಟೆ ಮುಂಚೆಯೇ ರುಬ್ಬಿಡುತ್ತಾರೆ, ಏಪ್ರಿಲ್‌ನಲ್ಲಿ ಗ್ರೈಂಡರಿಗೆ ಐಸ್ ನೀರು ಹಾಕುತ್ತಾರೆ. ಅದೆಲ್ಲ ಅವರ ಕೈಯಲ್ಲಿದೆ, ಕಾಗದದಲ್ಲಿಲ್ಲ. ಹೊಸಬರಿಗೆ "ಎಂಟು ಗಂಟೆ ಹುದುಗಲಿ" ಅಂತಷ್ಟೇ ಹೇಳಿದರೆ ಚಳಿಗಾಲದಲ್ಲಿ ಇಡ್ಲಿ ಕಲ್ಲು, ಬೇಸಿಗೆಯಲ್ಲಿ ದೋಸೆ ಹುಳಿ. ಅಕ್ಕಿ, ಉದ್ದು, ನೀರು, ಉಪ್ಪು ಎಲ್ಲದರ ತೂಕ ಗೋಡೆ ಮೇಲೆ ಬರೆಸಿ. ಪಾತ್ರೆಯೊಳಗೆ ಎರಡು ಗೆರೆ ಎಳೆಸಿ: ಹಿಟ್ಟು ಹಾಕುವುದು ಎಲ್ಲಿವರೆಗೆ, ಉಬ್ಬಬೇಕಾದ್ದು ಎಲ್ಲಿವರೆಗೆ.

ಆಮೇಲೆ ಅಧಿಕಾರ. ಬೆಳಿಗ್ಗೆ ಐದಕ್ಕೆ ಗ್ರೈಂಡರ್ ಬೆಲ್ಟ್ ತುಂಡಾದರೆ ಮ್ಯಾನೇಜರ್ ನಿಮ್ಮ ಫೋನಿಗೆ ಯಾಕೆ ಕಾಯಬೇಕು? ದಿನಕ್ಕೆ, ಉದಾಹರಣೆಗೆ, 3000 ರೂಪಾಯಿವರೆಗೆ ಕೇಳದೆ ಖರ್ಚು ಮಾಡಲಿ, ಚೀಟಿ ಇಡಲಿ. ಮಾಲು ತರಿಸುವವರು, ತೂಕ ಹಾಕಿ ಇಳಿಸಿಕೊಳ್ಳುವವರು, ದುಡ್ಡು ಕೊಡುವವರು ಮೂವರೂ ಬೇರೆ ಬೇರೆ ಇರಲಿ. ಇಷ್ಟಾದರೆ ಸಾಮಾನ್ಯ ಮನುಷ್ಯನೂ ಒಳ್ಳೆ ಮ್ಯಾನೇಜರ್ ಆಗುತ್ತಾನೆ.

ಇನ್ನೊಂದು. ಇಲ್ಲಿ 11 ಜನ, ಅಲ್ಲಿ 11 ಜನ ಅಂತ ಪಿಎಫ್ ಕಾನೂನು ಎಣಿಸುವುದಿಲ್ಲ. ಬ್ರಾಂಚುಗಳು ಸೇರಿ 22, ಅಂದರೆ ಪಿಎಫ್ ಕಡ್ಡಾಯವಾಗುವ 20ರ ಗಡಿ ದಾಟಿತು. ಆ ಖರ್ಚು ಮೊದಲೇ ಲೆಕ್ಕ ಹಾಕಿ. ಆಹಾರ ಸುರಕ್ಷತೆಯ ಎಫ್ಎಸ್ಎಸ್ಎಐ ಲೈಸೆನ್ಸ್ ಮಾತ್ರ ಒಂದೊಂದು ಜಾಗಕ್ಕೂ ಬೇರೆ.

ನೀವು ಕೇಳಬೇಕಿದ್ದದ್ದು "ನಾನಿಲ್ಲದೆ ಈಗಿನ ಹೋಟೆಲ್ ಎಷ್ಟು ದಿನ ನಡೆಯುತ್ತೆ?" ಅಂತ. ಹದಿನೈದು ದಿನ ಆ ಕಡೆ ತಲೆ ಹಾಕಬೇಡಿ. ನಿಮ್ಮನ್ನು ಕೇಳಬೇಕು ಅನ್ನಿಸಿದ್ದನ್ನೆಲ್ಲ ಕೆಲಸದವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಅದರ ಒಂದೊಂದು ಸಾಲಿಗೂ ಉತ್ತರ ಬರೆದು ಮುಗಿಸಿ, ಆಮೇಲೆ ಹೊಸ ಜಾಗಕ್ಕೆ ಅಡ್ವಾನ್ಸ್ ಕೊಡಿ.