ನಮ್ದೇ, ನಮ್ದು

ನಮ್ಮ ಮೊದಲ ಕಂತಿನ ನೂರು ಟೀ ಶರ್ಟ್‌ಗಳು ಅಚ್ಚಾಗಿ ಬಂದ ದಿನ ಮನೆಯ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಿರುಪ್ಪೂರಿನಿಂದ ತರಿಸಿದ್ದ 180 ಜಿಎಸ್‌ಎಂ (ಚದರ ಮೀಟರಿಗೆ 180 ಗ್ರಾಂ ತೂಗುವ) ಹತ್ತಿ ಬಟ್ಟೆಯಲ್ಲಿ ಕುಂದೇನೂ ಇರಲಿಲ್ಲ, ಕೆಟ್ಟಿದ್ದು ಅಕ್ಷರ. ಕಂಪ್ಯೂಟರಿನಲ್ಲಿ ಚೆಂದ ಕಂಡಿದ್ದ ಒತ್ತಕ್ಷರಗಳ ಪುಟ್ಟ ಸುರುಳಿಗಳು ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಶಾಯಿ ತುಂಬಿಕೊಂಡು ಮುಚ್ಚಿಹೋಗಿದ್ದವು, ‘ಷ’ ಯಾವುದು ‘ಪ’ ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ. ಶಾಯಿ ಇಳಿಯುವ ಒರಟು ಜಾಲರಿಯ ಫ್ರೇಮಿಗೆ ಒಪ್ಪಿಗೆ ಕೊಟ್ಟವನು ನಾನೇ ಆದ್ದರಿಂದ ಯಾರನ್ನೂ ದೂರುವಂತಿರಲಿಲ್ಲ. ಮುಂದಿನ ಕಂತಿಗೆ 43ಟಿ (ಸೆಂಟಿಮೀಟರಿಗೆ 43 ಎಳೆ) ಬದಲು ಇನ್ನೂ ನವಿರಾದ 77ಟಿ ಜಾಲರಿ ಬಳಸಿದೆವು, ಅಕ್ಷರಗಳ ಒಳಜಾಗವನ್ನೂ ಕೈಯಲ್ಲೇ ಅಗಲಿಸಿ ಬರೆದೆವು.

ಬರೆಯುವುದೇನನ್ನು ಎಂಬುದು ಇನ್ನೂ ದೊಡ್ಡ ಪ್ರಶ್ನೆಯಾಗಿತ್ತು. ಎಲ್ಲರಂತೆ ನಮಗೂ ಮೊದಲು ಹೊಳೆದದ್ದು ಸಿನಿಮಾ ನಾಯಕರ ಮುಖಗಳೇ. ಆದರೆ ಆಟೋ ಚಾಲಕರೊಬ್ಬರು ಅಭಿಮಾನದಿಂದ ಗಾಡಿಯ ಹಿಂದೆ ಶಂಕರ್‌ನಾಗ್ ಚಿತ್ರ ಹಾಕಿಕೊಳ್ಳುವುದು ಬೇರೆ, ಸಿನಿಮಾ ಪೋಸ್ಟರಿನ ಚಿತ್ರವನ್ನು ಅಂಗಿಗೆ ಅಚ್ಚು ಹಾಕಿ ಮಾರುವುದು ಬೇರೆ. ಎರಡನೆಯದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆ ಅಡ್ಡ ಬರುತ್ತದೆ. ಪರವಾನಗಿ ಕೊಳ್ಳುವಷ್ಟು ಹಣವಿಲ್ಲದ ನಾವು ದರ್ಶಿನಿಯ ಕಟ್ಟೆಯ ಮಾತಿಗೆ ಇಳಿದೆವು. ‘ಬೈ ಟೂ ಕಾಫಿ’, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಸಾಲುಗಳೇ ನಮ್ಮ ವ್ಯಾಪಾರವನ್ನು ಗೆಳೆಯರ ಬಳಗದಿಂದ ಹೊರಗೆ ತಂದವು. (ಎರಡನೆಯದನ್ನು ಅತಿ ಹೆಚ್ಚು ಕೊಂಡವರು ಎಕ್ಸೆಲ್ ಅಳತೆಯವರು ಎಂಬುದು ನಮ್ಮ ಮನೆಯ ಖಾಸಗಿ ಹಾಸ್ಯ.)

ಈ ವ್ಯಾಪಾರದಲ್ಲಿ ದುಡ್ಡು ಮುಳುಗುವುದು ಅಳತೆಗಳಲ್ಲಿ. ಎಂ, ಎಲ್ ಖಾಲಿಯಾದರೂ ಎಸ್ ಮತ್ತು ಡಬಲ್ ಎಕ್ಸೆಲ್ ಮಂಚದ ಕೆಳಗೆ ಧೂಳು ತಿನ್ನುತ್ತವೆ. 2000ದಲ್ಲಿ ಷಿಕಾಗೋದಲ್ಲಿ ಶುರುವಾದ ಟೀ ಶರ್ಟ್ ಕಂಪನಿ ಥ್ರೆಡ್‌ಲೆಸ್‌ನವರು ವಿನ್ಯಾಸಗಳಿಗೆ ಜನರಿಂದಲೇ ಅಂಕ ಹಾಕಿಸಿ, ಮೆಚ್ಚುಗೆ ಪಡೆದವುಗಳಿಂದ ಆಯ್ದು ಮುದ್ರಿಸುತ್ತಿದ್ದ ರೀತಿಯನ್ನು ನಾವೂ ನಮ್ಮ ಮಟ್ಟಕ್ಕೆ ಇಳಿಸಿಕೊಂಡೆವು: ರಾಜ್ಯೋತ್ಸವದ ಅಂಗಿಗಳಿಗೆ ಅಕ್ಟೋಬರ್ ಮೊದಲ ವಾರದಲ್ಲೇ ಹಣ ಪಡೆದು, ಬಂದ ಬೇಡಿಕೆಯಷ್ಟನ್ನೇ ಅಚ್ಚು ಹಾಕಿಸುವುದು.

ಆ ಶಿಸ್ತನ್ನು ಮುರಿದದ್ದು ಕ್ರಿಕೆಟ್. ಬೆಂಗಳೂರಿನ ಐಪಿಎಲ್ ತಂಡ ಆರ್‌ಸಿಬಿಯ ಹೆಸರನ್ನಾಗಲಿ ಲಾಂಛನವನ್ನಾಗಲಿ ಮುಟ್ಟದೆ, ‘ಈ ಸಲ ಕಪ್ ನಮ್ದೇ’ ಎಂದಷ್ಟೇ ಬರೆದ ಅಂಗಿ ಪ್ರತಿ ಬೇಸಿಗೆಯಲ್ಲೂ ಮಾರಾಟವಾಗುತ್ತಿತ್ತು. ಕಪ್ ಬಾರದ್ದರಿಂದ ಮರುವರ್ಷಕ್ಕೂ ಅದೇ ಅಂಗಿ ನಡೆಯುತ್ತಿತ್ತು ಎಂಬುದನ್ನು ಅಭಿಮಾನಿಯಾಗಿ ಹೇಳಲು ನಾಚಿಕೆಯಾದರೂ ವ್ಯಾಪಾರಿಯಾಗಿ ಒಪ್ಪಿಕೊಳ್ಳುತ್ತೇನೆ. 2024ರ ಮಾರ್ಚ್‌ನಲ್ಲಿ ಆರ್‌ಸಿಬಿಯ ಮಹಿಳಾ ತಂಡ ಗೆದ್ದಾಗ ಆ ‘ನಮ್ದೇ’ ಹೋಗಿ ‘ನಮ್ದು’ ಆಯಿತು. ಒಂದು ಸ್ವರ ಬದಲಾದದ್ದಕ್ಕೆ ಹೊಸ ಸ್ಕ್ರೀನನ್ನೇ ಮಾಡಿಸಬೇಕಾಯಿತು. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪುರುಷರ ತಂಡವೂ ಗೆದ್ದಾಗ, ಮೊದಲ ಬಾರಿಗೆ ಯಾರಿಂದಲೂ ಮುಂಗಡ ಪಡೆಯದೆ, ಕೈಲಿದ್ದ ಬಟ್ಟೆಯನ್ನೆಲ್ಲ ಮುದ್ರಣಕ್ಕೆ ಕೊಟ್ಟೆ.

ಮರುದಿನ ಸಂಜೆ ವಿಜಯೋತ್ಸವಕ್ಕೆ ಜನ ಸೇರಿದ್ದ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಅಂಗಿಗಳು ಬಂದಾಗ ಶಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ. ಈಗಲೂ ಆಗಾಗ ಯಾರಾದರೂ ಅವನ್ನು ಕೇಳಿ ಸಂದೇಶ ಕಳಿಸುತ್ತಾರೆ, ನಾನು ‘ಬೈ ಟೂ ಕಾಫಿ’ಯ ಚಿತ್ರ ಕಳಿಸುತ್ತೇನೆ. ಆ ಅಂಗಿಗಳ ಡಬ್ಬಗಳಿಗೆ ಬೆಲೆಚೀಟಿ ಅಂಟಿಸಿಲ್ಲ.