ನೈವಾಟ್ ರಿಜ್ ಹುಲ್ಲುಗಾವಲು: ಸಾರಜನಕ ಬಿದ್ದಲ್ಲಿ ಯಾವ ಗಿಡ ಉಳಿಯುತ್ತದೆ?

ಅಮೆರಿಕದ ಬೌಲ್ಡರ್‌ನಿಂದ ಕಣಿವೆ ರಸ್ತೆ ಹತ್ತಿ ನೆದರ್ಲ್ಯಾಂಡ್ ಎಂಬ ಪುಟ್ಟ ಊರು ಸೇರಿ, 72ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಕೊಲೊರಾಡೊ ವಿಶ್ವವಿದ್ಯಾಲಯದ ಪರ್ವತ ಸಂಶೋಧನಾ ಕೇಂದ್ರ ಸಿಗುತ್ತದೆ. ಅಲ್ಲಿಂದ ಕಾಡಿನೊಳಗೆ ಏರುತ್ತಾ ಮರಗಳ ಗಡಿ ದಾಟಿದರೆ, ಸುಮಾರು 3,500 ಮೀಟರ್ ಎತ್ತರದಲ್ಲಿ ನೈವಾಟ್ ರಿಜ್‌ನ ಬಯಲು. ಹೂ ನೋಡಲು ಜುಲೈ ಒಳ್ಳೆಯದು. ಬೆಳಕು ಹರಿಯುವಾಗಲೇ ಹೊರಡಿ: ಮಧ್ಯಾಹ್ನದ ಹೊತ್ತಿಗೆ ಗುಡುಗು ಸಿಡಿಲು ಬರುವುದು ಇಲ್ಲಿ ಮಾಮೂಲು, ಮೇಲೆ ಆಸರೆಗೆ ಒಂದು ಮರವೂ ಇಲ್ಲ. ಗೂಟ ನೆಟ್ಟ ಚೌಕಗಳು ಸಂಶೋಧಕರ ಪ್ರಯೋಗದ ಜಾಗ, ಅವುಗಳೊಳಗೆ ಕಾಲಿಡಬೇಡಿ.

ಬಯಲು ಒಂದೇ ಥರ ಕಂಡರೂ ಒಂದೇ ಅಲ್ಲ. ಗಾಳಿ ಹಿಮವನ್ನು ಗುಡಿಸಿಬಿಡುವ ದಿಬ್ಬಗಳಲ್ಲಿ ಒಣ ಹುಲ್ಲುಗಾವಲು; ಅಲ್ಲಿ ಕೊಬ್ರೇಸಿಯಾ ಎಂಬ ಜೇಕಿನ (ಹುಲ್ಲಿನಂಥ ಗಿಡ) ಒತ್ತಾದ ಪೊದೆಗಳದೇ ಕಾರುಬಾರು. ಹಿಮ ತಂಗುವ ಇಳಿಜಾರಿನಲ್ಲಿ ಹಳದಿ ಹೂವಿನ ಜೀಯಮ್ ಮತ್ತು ಡೆಶಾಂಪ್ಸಿಯಾ ಹುಲ್ಲು ಜಾಗ ಹಂಚಿಕೊಂಡಿವೆ. ಜೀಯಮ್ ನಿಧಾನ ಜೀವಿ. ಸಾರಜನಕವನ್ನು ಬೇರಿನಲ್ಲಿ ಕೂಡಿಟ್ಟು ಮುಂದಿನ ವರ್ಷಕ್ಕೆ ಕಾಯುತ್ತದೆ. ಗಾಳಿಯಿಂದಲೋ ಗೊಬ್ಬರದಿಂದಲೋ ಸಾರಜನಕ ಹೆಚ್ಚು ಬಿದ್ದರೆ ಡೆಶಾಂಪ್ಸಿಯಾ ಕೂಡಲೇ ಎಲೆ ಹೊರಡಿಸುತ್ತದೆ, ಜೀಯಮ್ ವರ್ಷ ಕಳೆದಂತೆ ಕ್ಷೀಣಿಸುತ್ತದೆ. ಡೆಶಾಂಪ್ಸಿಯಾದ ನೆರಳು ಬಿದ್ದದ್ದಷ್ಟೇ ಇದಕ್ಕೆ ಕಾರಣವಲ್ಲ. ಹೆಚ್ಚಿನ ಸಾರಜನಕವನ್ನು ಅರಗಿಸಿಕೊಳ್ಳುವ ಶಕ್ತಿಯೇ ಜೀಯಮ್‌ಗೆ ಕಡಿಮೆ.

ಹಾಗಾದರೆ ಸಾರಜನಕ ಹಾಕಿದಲ್ಲೆಲ್ಲ ವೈವಿಧ್ಯ ಕುಸಿಯುತ್ತದೆಯೇ? ಇಲ್ಲ. ಇಲ್ಲಿನ ಗೊಬ್ಬರದ ಪ್ರಯೋಗಗಳಲ್ಲಿ ತೇವದ ಹುಲ್ಲುಗಾವಲಿನ ವೈವಿಧ್ಯ ಇಳಿಯಿತು; ಒಣ ಹುಲ್ಲುಗಾವಲಿನಲ್ಲಿ ಕೊಬ್ರೇಸಿಯಾದ ಹಿಡಿತ ಸಡಿಲಿ ಬೇರೆ ಗಿಡಗಳು ಹೆಚ್ಚಿ, ವೈವಿಧ್ಯ ಏರಿತು. ಆದ್ದರಿಂದ ಜಾತಿಗಳ ಲೆಕ್ಕವೊಂದನ್ನೇ ನೋಡಿ ಹುಲ್ಲುಗಾವಲು ಚೆನ್ನಾಗಿದೆ ಎನ್ನುವುದು ತಪ್ಪು. ಯಾವ ಗಿಡ ಹೆಚ್ಚಿತು ಎಂಬುದು ಮುಖ್ಯ.

ಪ್ರಯೋಗದ ಲೆಕ್ಕ ಸುಲಭ. ಹೆಕ್ಟೇರಿಗೆ 20 ಕಿಲೋ ಸಾರಜನಕವೆಂದರೆ ಚದರ ಮೀಟರಿಗೆ 2 ಗ್ರಾಂ. ಅಮೋನಿಯಂ ನೈಟ್ರೇಟ್ ಎಂಬ ಗೊಬ್ಬರದಲ್ಲಿ ಸಾರಜನಕ 35% ಇರುವುದರಿಂದ ಚದರ ಮೀಟರಿಗೆ ಆ ಗೊಬ್ಬರ ಸುಮಾರು 5.7 ಗ್ರಾಂ ಬೇಕು. ಅದನ್ನು ನೀರಿನಲ್ಲಿ ಕರಗಿಸಿ ಚಿಮುಕಿಸುವುದಾದರೆ, ಗೊಬ್ಬರ ಹಾಕದ ಚೌಕಕ್ಕೂ ಅಷ್ಟೇ ನೀರು ಕೊಡಲೇಬೇಕು. ಇಲ್ಲದಿದ್ದರೆ ಒಣ ಬಯಲಿನಲ್ಲಿ ನೀರಿನ ಪರಿಣಾಮವನ್ನೇ ಗೊಬ್ಬರದ್ದೆಂದು ಬರೆದುಕೊಳ್ಳುತ್ತೀರಿ. ಒಂದೇ ಸಲ ಸುರಿದರೆ ಒಂದಷ್ಟು ನೈಟ್ರೇಟಾಗಿ (ನೀರಿನಲ್ಲಿ ಕರಗುವ ಸಾರಜನಕದ ರೂಪ) ತೊಳೆದುಹೋಗಬಹುದು. ಕಂತುಗಳಲ್ಲಿ ಹಾಕುವುದು ಲೇಸು. ವರ್ಷವರ್ಷ ಅದೇ ಚೌಕವನ್ನು ಅಳೆಯಬೇಕಾದ್ದರಿಂದ ಹುಲ್ಲು ಕೊಯ್ದು ತೂಗುವಂತಿಲ್ಲ. ಚದರ ಮೀಟರಿನ ಚೌಕಟ್ಟಿಗೆ ದಾರ ಕಟ್ಟಿ, 100 ಬಿಂದುಗಳಲ್ಲಿ ಯಾವ ಗಿಡ ತಾಕುತ್ತದೆಂದು ಬರೆಯುತ್ತಾರೆ.

1997ರಲ್ಲಿ ಶುರುವಾದ ಒಂದು ಪ್ರಯೋಗದಲ್ಲಿ ಮೊದಲು ಬದಲಾದದ್ದು ಕೇರೆಕ್ಸ್ ರುಪೆಸ್ಟ್ರಿಸ್ ಎಂಬ ಸಣ್ಣ ಜೇಕು. ಹೆಕ್ಟೇರಿಗೆ ವರ್ಷಕ್ಕೆ ಸುಮಾರು 4 ಕಿಲೋ ಸಾರಜನಕಕ್ಕೇ ಅದು ಹೆಚ್ಚತೊಡಗುತ್ತದೆ. ಇಡೀ ಸಸ್ಯ ಸಮುದಾಯ ಬದಲಾಗಲು ಸುಮಾರು 10 ಕಿಲೋ ಬೇಕು ಎಂದು ಸಂಶೋಧಕರು 2006ರಲ್ಲಿ ಅಂದಾಜಿಸಿದರು. ಮಣ್ಣು ಹುಳಿಯಾಗುವುದು, ನೈಟ್ರೇಟ್ ಸೋರುವುದು ಅದರ ನಂತರದ ಮಾತು. ಮಣ್ಣಿನ ಪರೀಕ್ಷೆಗಿಂತ ಮೊದಲೇ ಗಿಡ ಸುಳಿವು ಕೊಡುತ್ತದೆ.

ಪ್ರಯೋಗದ ಆಚೆ, ಬಯಲಿಗೆ ಬೀಳುವ ಈ ಹೆಚ್ಚುವರಿ ಸಾರಜನಕ ಗಾಳಿಯಲ್ಲೇ ಬರುತ್ತದೆ: ವಾಹನಗಳ ಹೊಗೆ, ವಿದ್ಯುತ್ ಸ್ಥಾವರಗಳು, ಪೂರ್ವದ ಬಯಲಿನ ಹೊಲಗಳು, ದನಗಳ ಬೃಹತ್ ದೊಡ್ಡಿಗಳ ಅಮೋನಿಯಾ. ಗಾಳಿ ಪೂರ್ವದಿಂದ ಬೆಟ್ಟ ಹತ್ತಿದ ದಿನ ಅದೆಲ್ಲ ಮಳೆ, ಹಿಮದೊಡನೆ ಇಲ್ಲಿ ಇಳಿಯುತ್ತದೆ. ಉತ್ತರಕ್ಕಿರುವ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲಿ, ಮಳೆ ಹಿಮದ ಜೊತೆ ಬೀಳುವ ಸಾರಜನಕದ ಪಾಲನ್ನು 2032ರೊಳಗೆ ಹೆಕ್ಟೇರಿಗೆ ವರ್ಷಕ್ಕೆ 1.5 ಕಿಲೋಗೆ ಇಳಿಸುವ ಗುರಿಯನ್ನು 2007ರಲ್ಲೇ ಒಪ್ಪಿಕೊಂಡರು. ನಡೆಯಲಾಗದವರು ಅಲ್ಲಿನ ಟ್ರೇಲ್ ರಿಜ್ ರಸ್ತೆಯಲ್ಲಿ ಕಾರಿನಲ್ಲೇ ಇಂಥ ಹುಲ್ಲುಗಾವಲಿನ ನಡುವೆ ಸಾಗಬಹುದು. ಸಾಮಾನ್ಯವಾಗಿ ಮೇ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ದಾರಿ ತೆರೆದಿರುತ್ತದೆ.