ಹಳೆ ಕ್ಯಾಮೆರಾಗೆ ಯಾವ ಲೆನ್ಸ್ ತಗೋಬೇಕ್ರಿ?

"ಅಜ್ಜನ ಟ್ರಂಕಿನಾಗ ಪೆಂಟಾಕ್ಸ್ ಸಿಕ್ಕೈತ್ರಿ, ಯಾವ ಲೆನ್ಸ್ ತಗೋಬೇಕು?" ಹುಬ್ಬಳ್ಳಿ-ಧಾರವಾಡದಲ್ಲಿ ನನ್ನ ಕೊರಳಲ್ಲಿ ಫಿಲ್ಮ್ ಕ್ಯಾಮೆರಾ ನೋಡಿದವರು ಕೇಳುವುದು ಹೆಚ್ಚಾಗಿ ಇದನ್ನೇ. ಕೆಲವರದು ಪೆಂಟಾಕ್ಸ್, ಕೆಲವರದು ನಿಕಾನ್, ಅಷ್ಟೇ ವ್ಯತ್ಯಾಸ. ನನ್ನ ಉತ್ತರ: ಏನೂ ತಗೋಬೇಡಿ. ಅದರ ಮೇಲೆ ಇರುವ ಲೆನ್ಸೇ ಇರಲಿ, ಆ ದುಡ್ಡನ್ನು ಫಿಲ್ಮ್ ರೋಲಿಗೆ ಹಾಕಿ.

ಆ ಕಾಲದ ಎಸ್‌ಎಲ್‌ಆರ್ (ಲೆನ್ಸಿನ ಮೂಲಕವೇ ನೋಡಿ ತೆಗೆಯುವ ಕ್ಯಾಮೆರಾ) ಜೊತೆ ಸಾಮಾನ್ಯವಾಗಿ 50 ಎಂಎಂ ಲೆನ್ಸ್ ಬರುತ್ತಿತ್ತು, ಅಪರ್ಚರ್ 2 ಅಥವಾ 1.8. ಅಪರ್ಚರ್ ಅಂದ್ರೆ ಬೆಳಕು ಬಿಡುವ ಕಿಂಡಿ, ಅಂಕೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಈಗಿನ ಕ್ಯಾಮೆರಾ ಜೊತೆ ಬರುವ ಕಿಟ್ ಜೂಮ್ ಲೆನ್ಸ್ ಹೆಚ್ಚಾಗಿ 3.5ರಿಂದ ಶುರುವಾಗುತ್ತದೆ. ಲೆಕ್ಕ ಹಾಕಿದರೆ ಅಜ್ಜನ ಲೆನ್ಸ್ ಕನಿಷ್ಠ ಮೂರು ಪಟ್ಟು ಬೆಳಕು ಬಿಡುತ್ತದೆ. ಫಿಲ್ಮಿನಲ್ಲಿ ಇದು ಸಣ್ಣ ವಿಷಯ ಅಲ್ಲ, ಯಾಕಂದ್ರೆ ಐಎಸ್‌ಒ (ಬೆಳಕಿಗೆ ಫಿಲ್ಮ್ ಎಷ್ಟು ಸೂಕ್ಷ್ಮ ಅನ್ನುವ ಅಂಕೆ) 200ರ ರೋಲ್ ಹಾಕಿದರೆ 36 ಫೋಟೊ ಮುಗಿಯುವ ತನಕ 200ರ ಜೊತೆಗೇ ಸಂಸಾರ.

ಗದಗ ಹತ್ತಿರದ ಲಕ್ಕುಂಡಿಗೆ ಹೋದರೆ ಗೊತ್ತಾಗುತ್ತದೆ. ಕಾಶಿ ವಿಶ್ವೇಶ್ವರ ಗುಡಿಯ ಹೊರಗೆ ಒಳ್ಳೆ ಬಿಸಿಲಿದ್ದರೆ ಬೆಳಕು ಅಳೆಯುವ ಮೀಟರೇ ಬೇಡ: ಅಪರ್ಚರ್ 16, ಶಟರ್ 1/250 ಸೆಕೆಂಡ್, ಕ್ಲಿಕ್. ಅದೇ ರೋಲ್ ಇಟ್ಟುಕೊಂಡು ಒಳಗೆ ಕಾಲಿಟ್ಟರೆ ಅಪರ್ಚರ್ 2ಕ್ಕೆ ತೆರೆದರೂ ಶಟರ್ 1/30ಕ್ಕೆ, ಕೆಲವು ಮೂಲೆಗಳಲ್ಲಿ ಇನ್ನೂ ಕೆಳಗೆ ಇಳಿಯುತ್ತದೆ, ಆಗ ಗೋಡೆಗೆ ಒರಗಿ ಉಸಿರು ಬಿಗಿಹಿಡಿಯಬೇಕು. ಇಡೀ ಗುಡಿ 50ರಲ್ಲಿ ಹಿಡಿಯುವುದಿಲ್ಲ ಅಂತ ಎಷ್ಟೋ ಜನ ಗೊಣಗುತ್ತಾರೆ. ಹಿಂದೆ ಸರಿಯಿರಿ, ಇಲ್ಲಾಂದ್ರೆ ಬಾಗಿಲವಾಡದ ಕೆತ್ತನೆ ತೆಗೆಯಿರಿ. ಓರೆ ಬಿಸಿಲು ಬಿದ್ದಾಗ ಆ ಕಲ್ಲಿನ ಸಣ್ಣ ಗೆರೆಯೂ ಕಾಣುತ್ತದೆ.

ಇನ್ನೊಂದು ಬೇಕೇ ಬೇಕು ಅಂದರೆ ಇನ್ನೂ ಅಗಲ ಹಿಡಿಯುವ 28 ಅಥವಾ 35 ಎಂಎಂ ತಗೊಳ್ಳಿ. ಹುಬ್ಬಳ್ಳಿ ಮಾರುಕಟ್ಟೆ ದುರ್ಗದಬೈಲಿನ ಗದ್ದಲದಲ್ಲಿ ಹಿಂದೆ ಸರಿಯೋಕೆ ಜಾಗ ಇರಲ್ಲ, ಅಲ್ವಾ? ದೂರದ್ದನ್ನು ಹತ್ತಿರ ತೋರಿಸುವ 135 ಎಂಎಂ ಬೇಡ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆ ತಲೆಯ ಹೆಬ್ಬಾತು ಅದರಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಹಳೆ ಸೋವಿಯತ್ ಲೆನ್ಸ್ ಹೀಲಿಯೋಸ್ 44 ಫೋಟೊದ ಮಬ್ಬು ಹಿನ್ನೆಲೆಯನ್ನು ಸುಳಿಯಂತೆ ಸುತ್ತಿಸುತ್ತದೆ ಅಂತ ಎಲ್ಲರಿಗೂ ಹುಚ್ಚು. ಮೊದಲ ರೋಲಿಗೆ ಚಂದ, ಆಮೇಲೆ ನನಗಂತೂ ಬೇಜಾರು.

ತಗೊಳ್ಳುವ ಮೊದಲು ಮೌಂಟ್, ಅಂದ್ರೆ ಲೆನ್ಸ್ ಕ್ಯಾಮೆರಾಗೆ ಕೂರುವ ಜೋಡಣೆ, ನೋಡಿ. ಪೆಂಟಾಕ್ಸ್‌ನ ಹಳೆ ಸ್ಪಾಟ್‌ಮ್ಯಾಟಿಕ್‌ನದು ತಿರುಪಿ ಹಾಕುವ ಎಂ42. 1976ರಲ್ಲಿ ಬಂದ ಪೆಂಟಾಕ್ಸ್ ಕೆ1000ದ್ದು ಕೆ ಮೌಂಟ್. ಎರಡರಲ್ಲೂ ಲೆನ್ಸಿನಿಂದ ಫಿಲ್ಮಿಗೆ ಇರುವ ದೂರ ಒಂದೇ, ಹಾಗಾಗಿ ತೆಳ್ಳನೆ ರಿಂಗ್ ಹಾಕಿದರೆ ಎಂ42 ಲೆನ್ಸ್ ಕೆ1000ಕ್ಕೆ ಕೂರುತ್ತದೆ, ದೂರದ್ದೂ ಫೋಕಸ್ ಆಗುತ್ತದೆ. ಅಪರ್ಚರ್ ಮಾತ್ರ ಕೈಯಿಂದ ಮುಚ್ಚಬೇಕು. ಯಾಶಿಕಾ ಎಲೆಕ್ಟ್ರೊ 35 ಇದ್ದವರಿಗೆ ಈ ತಲೆನೋವೇ ಇಲ್ಲ, ಅದರ 45 ಎಂಎಂ ಲೆನ್ಸ್ ಬದಲಿಸೋಕೇ ಬರಲ್ಲ!

ಹೆಸರಿಗಿಂತ ಗಾಜಿನ ಸ್ಥಿತಿ ಮುಖ್ಯ, ಅದರಲ್ಲೂ ಧಾರವಾಡದ ಮಳೆಯಲ್ಲಿ. ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಜಾಸ್ತಿ ಆಗಿದ್ದರೆ ಗಾಜಿನ ಮೇಲಿನ ಕೋಟಿಂಗ್ ತಿಂದಿರುತ್ತದೆ, ಒರೆಸಿದರೂ ಹೋಗಲ್ಲ. ಅಪರ್ಚರ್ ಬ್ಲೇಡ್ ಟಕ್ ಅಂತ ಮುಚ್ಚಬೇಕು, ಎಣ್ಣೆ ಹತ್ತಿದ್ದರೆ ತಡವಾಗುತ್ತದೆ. ಅಜ್ಜನ ಚರ್ಮದ ಕೇಸ್ ನೋಡೋಕೆ ಚಂದ, ಆದರೆ ತೇವ ಹಿಡಿದಿಡುತ್ತದೆ. ಮಳೆಗಾಲದಲ್ಲಿ ಲೆನ್ಸನ್ನು ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಕ್ಯಾಮೆರಾದ ಹಿಂದಿನ ಬಾಗಿಲು ತೆಗೆದು ಅಂಚಿನ ಫೋಮ್ ಮುಟ್ಟಿ ನೋಡಿ, ಅಂಟುತ್ತಿದ್ದರೆ ಬದಲಿಸಿ. ಇಲ್ಲಾಂದ್ರೆ ಬೆಳಕು ಸೋರಿ ರೋಲ್ ಹಾಳು.

ಉಳಿದ ದುಡ್ಡಲ್ಲಿ ಎಚ್‌ಪಿ5 ಥರದ ಕಪ್ಪು-ಬಿಳುಪು ರೋಲ್ ಜೊತೆ ಒಂದು ಡೆವಲಪಿಂಗ್ ಟ್ಯಾಂಕ್, ಒಂದು ಥರ್ಮಾಮೀಟರ್ ತಗೊಳ್ಳಿ. ಮನೆಯಲ್ಲೇ ತೊಳೆಯಬಹುದು. ಫಿಲ್ಮ್ ತೊಳೆಯುವ ದ್ರಾವಣದ (ಡೆವಲಪರ್) ಟೈಮ್‌ಗಳನ್ನು ಸಾಮಾನ್ಯವಾಗಿ 20 ಡಿಗ್ರಿಗೆ ಬರೆದಿರುತ್ತಾರೆ, ಹುಬ್ಬಳ್ಳಿಯ ಏಪ್ರಿಲ್ ನಳದ ನೀರು ಆ ಮಾತು ಕೇಳುವುದಿಲ್ಲ. ಬಕೆಟ್ ನೀರಿಗೆ ಐಸ್ ಹಾಕಿ ಡೆವಲಪರ್ ಬಾಟಲಿ ಅದರಲ್ಲಿಡಿ. ಫ್ರಿಜ್‌ನ ಐಸ್ ಎಲ್ಲ ಖಾಲಿಯಾಯಿತು ಅಂತ ಮನೆಯವರು ಬೈದರೆ ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.